ಮೈಸೂರು–ಹುಬ್ಬಳ್ಳಿ ವಿಮಾನ: ದೂರ ಸರಿ ಹೇಳಿ ಸಮಯದಲ್ಲಿ ಎಡವುವ ಕ್ಯಾಲ್ಕುಲೇಟರ್‌ಗಳು

ಎರಡು ಊರಿನ ಹೆಸರು ಹಾಕಿದರೆ ವಿಮಾನದ ದೂರ, ಸಮಯ ತೋರಿಸುವ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು ಬೇಕಾದಷ್ಟಿವೆ. ಪುಕ್ಕಟೆ, ಲಾಗಿನ್ನಿನ ರಗಳೆಯೂ ಇಲ್ಲ. ಮೈಸೂರಿನಿಂದ ಹುಬ್ಬಳ್ಳಿಗೆ ಹಾಕಿ ನೋಡಿದರೆ ಅವುಗಳ ಗುಣ, ಐಬು ಎರಡೂ ಬಯಲಾಗುತ್ತವೆ.

ದೂರಕ್ಕೆ ಪೂರ್ತಿ ಅಂಕ. ಉತ್ತರ 387 ಕಿ.ಮೀ. ಆಸುಪಾಸು ಬರಬೇಕು. ಕೈಲೆಕ್ಕದಲ್ಲೇ ತಾಳೆ ನೋಡಬಹುದು: ಮೈಸೂರಿನ ವಿಮಾನ ನಿಲ್ದಾಣ ಮಂಡಕಳ್ಳಿ 12.23 ಅಕ್ಷಾಂಶ, 76.66 ರೇಖಾಂಶ, ಹುಬ್ಬಳ್ಳಿ ನಿಲ್ದಾಣ 15.36, 75.09. ಉತ್ತರಕ್ಕೆ 3.13 ಡಿಗ್ರಿ, ಡಿಗ್ರಿಗೆ 111.2 ಕಿ.ಮೀ.ನಂತೆ 348. ಪಶ್ಚಿಮಕ್ಕೆ 1.57 ಡಿಗ್ರಿ, ಈ ಅಕ್ಷಾಂಶದಲ್ಲಿ ಡಿಗ್ರಿಗೆ 108ರಂತೆ 170. ಎರಡರ ವರ್ಗ ಕೂಡಿ ವರ್ಗಮೂಲ ತೆಗೆದರೆ 387. ಉತ್ತರ 378ರ ಹತ್ತಿರ ಬಂದರೆ ಅದು ನಿಲ್ದಾಣ ಬಿಟ್ಟು ಊರ ನಡುವಿನಿಂದ ಅಳೆದಿದೆ ಎಂದರ್ಥ. ಊರಿನ ಹೆಸರಿನ ಬದಲು ನಿಲ್ದಾಣದ ಕೋಡ್ ಹಾಕಿ: ಮೈಸೂರಿಗೆ ಎಂವೈಕ್ಯೂ, ಹುಬ್ಬಳ್ಳಿಗೆ ಎಚ್‌ಬಿಎಕ್ಸ್.

ಸಮಯ ಮಾತ್ರ ನಂಬಬೇಡಿ. ಕೆಲವು 29 ನಿಮಿಷ ಎನ್ನುತ್ತವೆ, ಕೆಲವು 59. ಮೊದಲನೆಯದು ಗಂಟೆಗೆ 800 ಕಿ.ಮೀ. ಹಾರುವ ಜೆಟ್‌ನ ವೇಗಕ್ಕೆ ಸುಮ್ಮನೆ ಭಾಗಿಸಿದ್ದು. ಎರಡನೆಯದು ಅದಕ್ಕೇ ಏರಲು, ಇಳಿಯಲು ಅರ್ಧ ಗಂಟೆ ಸೇರಿಸಿದ್ದು. ಹುಬ್ಬಳ್ಳಿಯ ರನ್‌ವೇ 2600 ಮೀಟರ್, ಅಲ್ಲಿ ಜೆಟ್‌ಗೆ ತೊಡಕಿಲ್ಲ. ಮಂಡಕಳ್ಳಿಯದು ಬರೀ 1740 ಮೀಟರ್. ಪಕ್ಕದಲ್ಲೇ ನಂಜನಗೂಡು ಹೆದ್ದಾರಿ, ರೈಲು ಹಳಿ. ಉದ್ದ ಮಾಡುವುದು ಸುಲಭವಲ್ಲ. ಹಾಗಾಗಿ ಇಲ್ಲಿಗೆ ಹೊಂದುವುದು ರೆಕ್ಕೆಯಲ್ಲಿ ಫ್ಯಾನು (ಪ್ರೊಪೆಲ್ಲರ್) ತಿರುಗುವ ಸಣ್ಣ ವಿಮಾನ ಎಟಿಆರ್ 72. ಅದರ ವೇಗ ಗಂಟೆಗೆ 500 ಕಿ.ಮೀ. ಸುಮಾರು. 387ಕ್ಕೆ 46 ನಿಮಿಷ. ರನ್‌ವೇ ತಲುಪುವುದು, ಏರುವುದು, ಸುತ್ತಿ ಇಳಿಯುವುದು ಸೇರಿದರೆ 65ರಿಂದ 75 ನಿಮಿಷ.

ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಬೇರೆಯೇ ಕಥೆ. ಬಸ್‌ಸ್ಟ್ಯಾಂಡಿನಿಂದ ಮಂಡಕಳ್ಳಿಗೆ ಅರ್ಧ ಗಂಟೆ, ಒಂದೂವರೆ ಗಂಟೆ ಮುಂಚೆ ಹಾಜರಿ, ಆ ಕಡೆ ಲಗೇಜು ಬಿಡಿಸಿಕೊಂಡು ಗೋಕುಲ ರಸ್ತೆಯಿಂದ ಊರೊಳಕ್ಕೆ ಇನ್ನು ಮುಕ್ಕಾಲು ಗಂಟೆ. ನಾಲ್ಕು ಗಂಟೆ ಹಿಡಿಯಿರಿ. ಅರಸೀಕೆರೆ ಮೇಲೆ ಹೋಗುವ ರಾತ್ರಿ ರೈಲಿಗಿಂತ ಆಗಲೂ ವಾಸಿಯೇ, ನಿದ್ದೆಯ ಲೆಕ್ಕ ಹಿಡಿಯದಿದ್ದರೆ.

ಎಟಿಆರ್‌ಗೆ ಹತ್ತುವ ಬಾಗಿಲು ಹಿಂದೆ, ಮುಂದಿನದು ಲಗೇಜಿಗೆ. ಬೇಗ ಇಳಿಯಬೇಕಾದವರು ಹಿಂದಿನ ಸಾಲು ಹಿಡಿಯಿರಿ. ತಲೆ ಮೇಲಿನ ಗೂಡು ಚಿಕ್ಕದು, ಜೆಟ್‌ನಲ್ಲಿ ಸಲೀಸಾಗಿ ಕೂರುವ ಟ್ರಾಲಿ ಇಲ್ಲಿ ಕೂರದೆ ಲಗೇಜು ಕೋಣೆಗೆ ಹೋಗಬಹುದು. ಔಷಧಿ, ಚಾರ್ಜರ್ ಕೈಚೀಲದಲ್ಲಿರಲಿ.

ಕ್ಯಾಲ್ಕುಲೇಟರ್‌ಗಳ ದೊಡ್ಡ ಐಬು ಇನ್ನೊಂದಿದೆ: ಆ ದಿನ ನೇರ ವಿಮಾನ ಇದೆಯೋ ಇಲ್ಲವೋ ಹೇಳುವುದೇ ಇಲ್ಲ. ಸಣ್ಣ ನಿಲ್ದಾಣಗಳ ನಡುವಿನ ಮಾರ್ಗ ಇವತ್ತು ಶುರುವಾಗಿ ನಾಳೆ ನಿಲ್ಲುತ್ತದೆ. ನೇರ ಇಲ್ಲದೆ ಹೈದರಾಬಾದ್ ಸುತ್ತಿದರೆ 590 ಕಿ.ಮೀ. ಒಂದು, 413 ಇನ್ನೊಂದು. 387ರ ದಾರಿ ಸಾವಿರ ದಾಟುತ್ತದೆ, ನಡುವೆ ಕಾಯುವುದು ಬೇರೆ. ಮೊದಲು ವಿಮಾನ ಕಂಪನಿಯ ಬುಕಿಂಗ್‌ನಲ್ಲಿ ತಾರೀಖು ಹಾಕಿ ನೋಡಿ, ಆಮೇಲೆ ದೂರ ಅಳೆಯಿರಿ.