ಲಿನಕ್ಸ್ ಮಿಂಟ್‌ನ ‘ಯೂಸರ್ಸ್ ಅಂಡ್ ಗ್ರೂಪ್ಸ್’: ಜನರನ್ನು ಗುಂಪಿಗೆ ಸೇರಿಸುತ್ತದೆ, ಫೋಲ್ಡರ್ ಕೆಲಸ ನಿಮ್ಮ ಪಾಲಿಗೆ

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಒಳಕೋಣೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇವೆ, ಅದರ ಸಿನಮನ್ ಆವೃತ್ತಿ. ಡಿಸೈನ್ ಮಾಡುವ ಇಬ್ಬರು ಹುಡುಗರು, ಸಂಜೆ ಪ್ರೂಫ್ ನೋಡಲು ಬರುವ ನಿವೃತ್ತ ಮೇಷ್ಟ್ರು, ಲೆಕ್ಕ ಬರೆಯುವ ನಾನು, ಎಲ್ಲರಿಗೂ ಅದೇ ಮಷೀನು, ಲಾಗಿನ್ ಮಾತ್ರ ಬೇರೆ ಬೇರೆ. ಹುಡುಗರು ಲೆಕ್ಕದ ಫೋಲ್ಡರ್ ನೋಡಬಾರದು. ಮೇಷ್ಟ್ರು ಪಿಡಿಎಫ್ ಓದಬೇಕು, ಆದರೆ ಮೂಲ ಫೈಲು ಅವರ ಕೈಗೆ ಸಿಗಬಾರದು. ತಪ್ಪು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ!

ಇದಕ್ಕೆ ದುಡ್ಡು ಕೊಟ್ಟು ಏನೂ ಕೊಳ್ಳಬೇಕಿಲ್ಲ. ಮೆನುವಿನಲ್ಲಿ ‘ಯೂಸರ್ಸ್ ಅಂಡ್ ಗ್ರೂಪ್ಸ್’ ಅಂತ ಇದೆ. ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ತೆರೆಯುತ್ತದೆ. ಒಂದು ಟ್ಯಾಬಿನಲ್ಲಿ ಜನ, ಇನ್ನೊಂದರಲ್ಲಿ ಗುಂಪು. ಡಿಸೈನಿಗೊಂದು, ಪ್ರೂಫಿಗೊಂದು, ಲೆಕ್ಕಕ್ಕೊಂದು ಗುಂಪು ಮಾಡಿದೆ. ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡಿ. ಆಮೇಲೆ ಒಬ್ಬೊಬ್ಬರ ಹೆಸರಿನ ಮೇಲೆ ಕ್ಲಿಕ್ ಮಾಡಿ, ಬೇಕಾದ ಗುಂಪಿಗೆ ಟಿಕ್ ಹಾಕಿದರೆ ಆಯಿತು.

ಈ ಟಿಕ್ ನನಗೆ ಯಾಕೆ ಇಷ್ಟ ಅಂದರೆ, ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಇದೇ ಕೆಲಸ ಮಾಡುವ ‘ಯೂಸರ್‌ಮಾಡ್’ ಕಮಾಂಡ್ ಭಾರೀ ಅಪಾಯದ್ದು. ದೊಡ್ಡ ‘ಜಿ’ ಜೊತೆ ಸಣ್ಣ ‘ಎ’ ಹಾಕದಿದ್ದರೆ ಆ ಮನುಷ್ಯನನ್ನು ಹೊಸ ಗುಂಪಿಗೆ ಸೇರಿಸಿ, ಹಳೆಯ ಗುಂಪುಗಳಿಂದೆಲ್ಲ ಹೊರಗೆ ಹಾಕುತ್ತದೆ. ‘ಸುಡೋ’ ಗುಂಪಿನಿಂದಲೂ! ಅಂದರೆ ಅಡ್ಮಿನ್ ಅಧಿಕಾರವೇ ಹೋಯಿತು. ‘ಖಚಿತವಾ?’ ಅಂತ ಒಂದು ಮಾತೂ ಕೇಳುವುದಿಲ್ಲ. ಇಲ್ಲಿ ಆ ಭಯ ಇಲ್ಲ, ಯಾರು ಎಲ್ಲೆಲ್ಲಿದ್ದಾರೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ಲಿನಕ್ಸ್ ಆದ ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್ ಹೌದೋ ಅಲ್ಲವೋ ಅನ್ನುವ ಒಂದು ಸ್ವಿಚ್ ಬಿಟ್ಟರೆ ಗುಂಪಿನ ಸುದ್ದಿಯೇ ಇಲ್ಲ. ವಿಂಡೋಸ್ ಹೋಮ್‌ನಲ್ಲಂತೂ ‘ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್’ ಬಳಸಲು ಬಿಡುವುದಿಲ್ಲ, ಪ್ರೊ ಬೇಕು.

ಇನ್ನು ಕೊರತೆ. ಟಿಕ್ ಹಾಕಿದ ತಕ್ಷಣ ಏನೂ ಬದಲಾಗುವುದಿಲ್ಲ. ಆ ವ್ಯಕ್ತಿ ಲಾಗ್ಔಟ್ ಆಗಿ ಮತ್ತೆ ಒಳಗೆ ಬಂದ ಮೇಲೇ ಹೊಸ ಗುಂಪು ಲೆಕ್ಕಕ್ಕೆ ಬರುವುದು. “ಏನವ್ವಾ, ಇನ್ನೂ ಬೀಗ ಹಾಕ್ದಂಗೇ ಐತಲ್ಲ,” ಅಂದರು ಮೇಷ್ಟ್ರು. “ಒಂದ್ಸಲ ಹೊರಗೆ ಹೋಗಿ ಬನ್ನಿ ಮೇಷ್ಟ್ರೇ” ಅಂದೆ. ಚಪ್ಪಲಿ ಹಾಕಿಕೊಳ್ಳಲು ಎದ್ದೇಬಿಟ್ಟರು.

ಅದಕ್ಕಿಂತ ದೊಡ್ಡ ಕೊರತೆ ಫೋಲ್ಡರಿನದು. ಈ ಕಿಟಕಿ ಜನರನ್ನು ಮಾತ್ರ ನೋಡಿಕೊಳ್ಳುತ್ತದೆ. ಯಾವ ಗುಂಪಿಗೆ ಯಾವ ಫೋಲ್ಡರ್ ಅನ್ನುವುದನ್ನು ಬೇರೆ ಕಡೆ ಹೇಳಬೇಕು. ನಾನು ಟರ್ಮಿನಲ್‌ನಲ್ಲೇ ಹೇಳುತ್ತೇನೆ: ಮೊದಲು ‘ಸಿಎಚ್‌ಜಿಆರ್‌ಪಿ’ ಕೊಟ್ಟು ಫೋಲ್ಡರನ್ನು ಡಿಸೈನ್ ಗುಂಪಿಗೆ ಬರೆದುಕೊಡುವುದು, ಆಮೇಲೆ ಯಾರಿಗೆ ಎಷ್ಟು ಹಕ್ಕು ಅಂತ ಹೇಳುವ ‘ಸಿಎಚ್‌ಮಾಡ್ 2770’. ಎರಡು ಏಳು ಅಂದರೆ ಒಡೆಯನಿಗೂ ಗುಂಪಿಗೂ ಪೂರ್ತಿ ಹಕ್ಕು. ಕೊನೆಯ ಸೊನ್ನೆ ಉಳಿದವರಿಗೆ, ಅಂದರೆ ಅವರಿಗೆ ಏನೂ ಇಲ್ಲ. ಎಲ್ಲಕ್ಕಿಂತ ಮೊದಲು 2 ಇದೆಯಲ್ಲ, ಅದೇ ಮುಖ್ಯ. ಅದಿದ್ದರೆ ಆ ಫೋಲ್ಡರಿನಲ್ಲಿ ಯಾರೇ ಹೊಸ ಫೈಲು ಮಾಡಲಿ, ಅದು ಮಾಡಿದವರ ಸ್ವಂತ ಗುಂಪಿಗೆ ಹೋಗದೆ ಡಿಸೈನ್ ಗುಂಪಿಗೇ ಸೇರುತ್ತದೆ.

ಇಷ್ಟಾದರೂ ಒಂದು ಕಿರಿಕಿರಿ ಇದೆ. ಗಿರಾಕಿಗಳು ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಾರೆ, ಅದು ಹುಡುಗರ ಡೌನ್‌ಲೋಡ್ಸ್‌ಗೆ ಇಳಿಯುತ್ತದೆ. ಅಲ್ಲಿಂದ ಕಟ್ ಮಾಡಿ ತಂದು ಹಾಕಿದರೆ ಫೈಲು ತನ್ನ ಹಳೆಯ ಗುಂಪನ್ನು ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದರೆ ಹೊಸ ಗುಂಪು ಸಿಗುತ್ತದೆ. ಅದಕ್ಕೇ ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದೇನೆ: ‘ಕಟ್ ಬೇಡ, ಕಾಪಿ ಮಾಡಿ’.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಫೈಲು ಅಳಿಸಲು ಆ ಫೈಲಿನ ಮೇಲೆ ಹಕ್ಕು ಬೇಕಿಲ್ಲ, ಫೋಲ್ಡರಿನ ಮೇಲೆ ಬರೆಯುವ ಹಕ್ಕಿದ್ದರೆ ಸಾಕು. ನೀವು ‘ಓದಲು ಮಾತ್ರ’ ಅಂತ ಇಟ್ಟ ಫೈಲನ್ನೂ ಗುಂಪಿನವರು ಯಾರು ಬೇಕಾದರೂ ಅಳಿಸಬಹುದು. ಹಾಗಾಗಬಾರದು ಅಂದರೆ 2770ರ ಬದಲು 3770 ಕೊಡಿ. ಆಗ ಫೈಲಿನ ಒಡೆಯ, ಫೋಲ್ಡರಿನ ಒಡೆಯ ಮತ್ತು ರೂಟ್ (ಎಲ್ಲ ಅಧಿಕಾರ ಇರುವ ಸಿಸ್ಟಮ್ ಖಾತೆ) ಬಿಟ್ಟು ಬೇರೆಯವರಿಗೆ ಅಳಿಸಲು ಬರುವುದಿಲ್ಲ. ಸಿಸ್ಟಮ್ಮಿನಲ್ಲಿ ಎಲ್ಲರೂ ಬರೆಯುವ, ತಾತ್ಕಾಲಿಕ ಫೈಲುಗಳ ‘ಟೆಂಪ್’ ಫೋಲ್ಡರಿಗೂ ಇದೇ ಕಾವಲು.

ಮೇಷ್ಟ್ರಿಗೆ ಪಿಡಿಎಫ್‌ಗಳದ್ದೇ ಬೇರೆ ಫೋಲ್ಡರ್ ಮಾಡಿ, ‘ಸೆಟ್‌ಎಫ್ಎಸಿಎಲ್’ ಅನ್ನುವ ಕಮಾಂಡ್‌ನಿಂದ ಅವರ ಗುಂಪಿಗೆ ಓದುವ ಹಕ್ಕು ಮಾತ್ರ ಕೊಟ್ಟಿದ್ದೇನೆ. ಒಂದು ಫೋಲ್ಡರಿಗೆ ಎರಡು ಗುಂಪು, ಎರಡು ಬಗೆಯ ಹಕ್ಕು ಬೇಕಾದರೆ ಹೀಗೇ ಮಾಡಬೇಕು. ಇದೂ ಟರ್ಮಿನಲ್ ಕೆಲಸವೇ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಗುಂಪಿನ ಪಕ್ಕದಲ್ಲೇ ‘ಈ ಗುಂಪಿಗೆ ಒಂದು ಫೋಲ್ಡರ್’ ಅಂತ ಒಂದು ಬಟನ್ ಇಟ್ಟು, ಟಿಕ್ ಹಾಕಿದ ಮೇಲೆ ‘ಲಾಗ್ಔಟ್ ಆಗಿ ಬನ್ನಿ’ ಅಂತ ಒಂದು ಸಾಲು ತೋರಿಸಿದರೆ ಇನ್ನೊಂದು ಅಂಕ ಜಾಸ್ತಿ ಕೊಡುತ್ತಿದ್ದೆ.