ಒಡೆಯುವ ಮೊದಲು ಹುಡುಕುವ ಪ್ಲಂಬರ್: ಗುಬ್ಬಿ ಗೇಟ್ ಕಡೆಯವರು

ಮೊದಲೇ ಹೇಳಿಬಿಡುತ್ತೇನೆ, ಈ ಪ್ಲಂಬರ್ ಹೇಳಿದ ಹೊತ್ತಿಗೆ ಬರುವುದಿಲ್ಲ. ಫೋನ್ ಎತ್ತುವುದೂ ಅಪರೂಪ. ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಸುತ್ತಿಗೆ ಎತ್ತುವ ಮೊದಲು ಯೋಚನೆ ಮಾಡುವ ಪ್ಲಂಬರ್ ಅಂತ ತುಮಕೂರಿನಲ್ಲಿ ನನಗೆ ಸಿಕ್ಕಿದ್ದು ಇವರೊಬ್ಬರೇ.

ನಮ್ಮ ಮನೆ ಇರುವುದು ಕ್ಯಾತ್ಸಂದ್ರದಲ್ಲಿ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಅವರ ಬಾತ್‌ರೂಮ್ ಸರಿಯಾಗಿ ನಮ್ಮ ಊಟದ ಕೋಣೆಯ ಮೇಲೆ ಬರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಸೀಲಿಂಗ್ ಮೂಲೆಯಲ್ಲಿ ಪುಟ್ಟಿ ಉಬ್ಬಿತು, ಬಿಳಿ ಉಪ್ಪು ಕೂತಿತು, ಆಮೇಲೆ ತೊಟ್ಟಿಕ್ಕೋಕೆ ಶುರುವಾಯಿತು. ಒಬ್ಬ ಗಾರೆಯವನು ಬಂದು ಟೈಲ್ಸ್ ಸಂದಿಗೆಲ್ಲ ವೈಟ್ ಸಿಮೆಂಟ್ ತುಂಬಿ ದುಡ್ಡು ತಗೊಂಡು ಹೋದ. ತೊಟ್ಟಿಕ್ಕುವುದು ನಿಲ್ಲಲಿಲ್ಲ. ಇನ್ನೊಬ್ಬ ಕಂಟ್ರಾಕ್ಟರ್ ಬಾತ್‌ರೂಮ್ ಬಾಗಿಲಲ್ಲೇ ನಿಂತು, "ಪೂರ್ತಿ ಫ್ಲೋರ್ ಕಿತ್ತು ವಾಟರ್ ಪ್ರೂಫಿಂಗ್ ಮಾಡ್ಬೇಕು, 45,000 ಆಗುತ್ತೆ" ಅಂದ. ಒಂದು ಚೊಂಬು ನೀರನ್ನಾದರೂ ಸುರಿದು ನೋಡಿದನಾ? ಇಲ್ಲ.

ಇವರು ಬಂದಾಗ ಶಿವರಾತ್ರಿ ಜಾತ್ರೆಯ ಸಮಯ. ಸಿದ್ಧಗಂಗಾ ಮಠದ ಕಡೆ ಹೋಗುವ ಜನ, ಬಸ್ಸು ಎಲ್ಲ ದಾಟಿ ಬೆಳಗ್ಗೆ ಬರಬೇಕಾದವರು ಮಧ್ಯಾಹ್ನ ಬಂದರು. ಬಂದವರೇ ಮೊದಲು ಊಟದ ಕೋಣೆಯ ಲೈಟ್ ಲೈನ್‌ನ ಎಂಸಿಬಿ (ಕರೆಂಟ್ ಕಡಿತ ಮಾಡುವ ಸ್ವಿಚ್) ಇಳಿಸಿದರು. ಒದ್ದೆ ಸೀಲಿಂಗ್, ಪಕ್ಕದಲ್ಲೇ ಲೈಟ್ ಪಾಯಿಂಟ್. ಅದಕ್ಕೆ ಮುಂಚೆ ಬಂದವರಿಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಆಮೇಲೆ ಕೇಳಿದರು, "ಯಾವಾಗ ತೊಟ್ಟಿಕ್ಕುತ್ತೆ ಅಮ್ಮ? ಇಡೀ ದಿನಾನಾ, ಮೇಲಿನವರು ಸ್ನಾನ ಮಾಡಿದ ಮೇಲಾ?" ಇಡೀ ದಿನ ಆದರೆ ಯಾವಾಗಲೂ ನೀರು ತುಂಬಿರುವ ಪೈಪ್ ಮೇಲೆ ಅನುಮಾನವಂತೆ. ಸ್ನಾನದ ಮೇಲೆ ಮಾತ್ರ ಆದರೆ ಡ್ರೈನ್, ನೆಲ ಅಥವಾ ಶವರ್. ನಮ್ಮದು ಸ್ನಾನದ ಮೇಲೆ. ಅದರಲ್ಲೂ ಬಾಡಿಗೆಯವರ ಅಜ್ಜಿ ಬಕೆಟ್‌ನಲ್ಲಿ ಸ್ನಾನ ಮಾಡಿದರೆ ಏನೂ ಇಲ್ಲ, ಉಳಿದವರು ಶವರ್ ತಿರುಗಿಸಿದರೆ ಸೋರುತ್ತದೆ. ಇದನ್ನು ಹೇಳಿದ ತಕ್ಷಣ ಅವರ ಮುಖ ಅರಳಿತು.

ಆದರೂ ಒಂದೊಂದನ್ನೇ ಪರೀಕ್ಷೆ ಮಾಡಿಯೇ ಮುಂದೆ ಹೋದರು. ನೆಲ ನೆನೆಯದ ಹಾಗೆ ಬಕೆಟ್ ನೀರನ್ನು ನೇರವಾಗಿ ಫ್ಲೋರ್ ಟ್ರ್ಯಾಪ್‌ಗೆ (ನೆಲದ ನೀರು ಹೊರಹೋಗುವ ಬಾಯಿಗೆ) ಸುರಿದರು. ಕೆಳಗೆ ಏನೂ ಆಗಲಿಲ್ಲ, ಡ್ರೈನ್ ಪೈಪ್ ಸರಿಯಿದೆ. ಟ್ರ್ಯಾಪ್ ಬಾಯಿ ಮುಚ್ಚಿ ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಿ ಮಾರನೇ ದಿನದವರೆಗೆ ಬಿಟ್ಟರು. ಆಗಲೂ ಕೆಳಗೆ ಒಂದು ಹನಿ ಬೀಳಲಿಲ್ಲ. ಅಂದರೆ ಆ ಕಂಟ್ರಾಕ್ಟರ್ ಕೀಳಬೇಕು ಅಂದಿದ್ದ ನೆಲಕ್ಕೆ ಏನೂ ಆಗಿರಲಿಲ್ಲ!

ಉಳಿದಿದ್ದು ಗೋಡೆಯೊಳಗಿನ ಪೈಪ್. ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ, ಅಂದರೆ ಮಿಕ್ಸರ್‌ನಿಂದ ಶವರ್ ತನಕ ಮೇಲೆ ಹೋಗುವ ಆ ತುಂಡು ಪೈಪ್‌ಗೆ ಶವರ್ ತಿರುಗಿಸಿದಾಗ ಮಾತ್ರ ನೀರು ಬರುತ್ತದೆ. ಹಾಗಾಗಿ ಉಳಿದ ಲೈನ್ ಎಷ್ಟು ಚೆಕ್ ಮಾಡಿದರೂ ಇದು ಸಿಕ್ಕಿಬೀಳುವುದಿಲ್ಲ. ಅವರು ಶವರ್ ಹೆಡ್ ಬಿಚ್ಚಿ, ಅಲ್ಲಿಗೆ ಒತ್ತಡ ತೋರಿಸುವ ಗೇಜ್ ಇರುವ ಒಂದು ಹ್ಯಾಂಡ್ ಪಂಪ್ ಜೋಡಿಸಿ, ಮಿಕ್ಸರ್ ಬಂದ್ ಮಾಡಿ ಒತ್ತಡ ಕೊಟ್ಟರು. ಗೇಜ್ ಮುಳ್ಳು ನಮ್ಮ ಕಣ್ಣೆದುರಿಗೇ ಇಳಿಯಿತು, ಅಂದರೆ ಆ ಪೈಪ್ ಎಲ್ಲೋ ಸೋರುತ್ತಿದೆ. ನೆಲಕ್ಕೆ ಒಂದು ಹನಿ ನೀರು ಬೀಳದಿದ್ದರೂ ಸ್ವಲ್ಪ ಹೊತ್ತಿಗೆ ನಮ್ಮ ಸೀಲಿಂಗ್ ತೊಟ್ಟಿಕ್ಕಿತು.

ನನಗೆ ಜಾಸ್ತಿ ಇಷ್ಟವಾಗಿದ್ದು ಇದರ ಮುಂದಿನ ಕೆಲಸ. ಬಾತ್‌ರೂಮ್ ಟೈಲ್ಸ್ ಮುಟ್ಟಲೇ ಇಲ್ಲ. ಗೋಡೆಯ ಆಚೆ ಬದಿ ಬೆಡ್‌ರೂಮ್ ಅಲ್ವಾ, ಅಲ್ಲಿಂದ ಪ್ಲಾಸ್ಟರ್ ಕೊರೆದರು. ಶವರ್ ಕೊಳವೆ ಕೂರುವ ಎಲ್ಬೋ (ಪೈಪ್ ತಿರುವಿನ ತುಂಡು) ಬರೀ ಪ್ಲಾಸ್ಟಿಕ್ ಥ್ರೆಡ್‌ನದು, ಸೀಳು ಬಿಟ್ಟಿತ್ತು. "ಯಾರಾದ್ರೂ ಶವರ್‌ಗೆ ಏನಾದ್ರೂ ನೇತು ಹಾಕ್ತೀರಾ?" ಅಂದಾಗ ಬಾಡಿಗೆಯವರ ಮಗ ಕಿಟಕಿ ಆಚೆ ನೋಡುತ್ತಿದ್ದ. ಒಳಗೆ ಹಿತ್ತಾಳೆ ಥ್ರೆಡ್ ಇರುವ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಎಲ್ಬೋ ಹಾಕಿ, ಟೆಫ್ಲಾನ್ ಟೇಪ್ ಸುತ್ತಿ, ಪೈಪ್ ಅಂಟಿಸುವ ಸಾಲ್ವೆಂಟ್ ಒಣಗುವ ತನಕ ಕಾದು, ಮತ್ತೆ ಪಂಪ್ ಹಾಕಿ ನೋಡಿದರು. ಮುಳ್ಳು ಅಲ್ಲಾಡಲಿಲ್ಲ.

ಸೋರಿಕೆ ನಿಂತರೂ ಕೆಲವು ದಿನ ಹನಿ ಬೀಳಬಹುದು ಅಂತ ಮೊದಲೇ ಹೇಳಿದ್ದರು. ಬಾತ್‌ರೂಮ್ ನೆಲದ ಕೆಳಗಿನ ತಗ್ಗಿಗೆ ಇಟ್ಟಿಗೆ ಚೂರು ತುಂಬಿರುತ್ತಾರೆ, ಅದು ಕುಡಿದ ನೀರು ನಿಧಾನವಾಗಿ ಇಳಿಯುತ್ತದೆ. ಹಾಗೇ ಆಯಿತು. ಹೇಳಿರದಿದ್ದರೆ ನಾನು ಖಂಡಿತ ಜಗಳಕ್ಕೆ ಹೋಗುತ್ತಿದ್ದೆ. ಸೀಲಿಂಗ್ ಪೂರ್ತಿ ಒಣಗದೆ ಪುಟ್ಟಿ, ಪೇಂಟ್ ಮಾಡಿಸಬೇಡಿ ಅಂತಲೂ ಅಂದರು.

ಸಾಮಾನು ಸೇರಿ 2,800 ರೂಪಾಯಿ ಆಯಿತು. ಇದರಲ್ಲಿ ಹುಡುಕಿದ್ದಕ್ಕೆ 500, ಅದನ್ನು ಮೊದಲೇ ಇಸ್ಕೊಂಡಿದ್ದರು. "ನೋಡೋಕೂ ದುಡ್ಡಾ?" ಅಂತ ನಮ್ಮ ಯಜಮಾನರು ಗೊಣಗಿದರು. ನನ್ನ ಕೇಳಿದರೆ ಬಿಲ್‌ನಲ್ಲಿ ಸರಿಯಾದ ಬೆಲೆ ಅಂದರೆ ಅದೇ.

ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣಗಳಿವೆ. ಬೆಡ್‌ರೂಮ್ ತುಂಬಾ ಧೂಳು ಬಿಟ್ಟು ಹೋದರು, ಮಂಚದ ಮೇಲೆ ಒಂದು ಹಳೇ ಬಟ್ಟೆಯನ್ನಾದರೂ ಹೊದಿಸಬಾರದಿತ್ತಾ? ಕೊರೆದ ಗೋಡೆ ಮುಚ್ಚೋದು ಅವರ ಕೆಲಸ ಅಲ್ಲವಂತೆ, ಅದಕ್ಕೆ ಬೇರೆ ಗಾರೆಯವರನ್ನು ಹುಡುಕಬೇಕಾಯಿತು. ಬಿಲ್ ಕೂಡ ಕೈಬರಹದ ಚೀಟಿ.

ಅವರ ನಂಬರ್ ಇಲ್ಲಿ ಹಾಕುವುದಿಲ್ಲ, ಹಾಕಿದರೂ ಎತ್ತಲ್ಲ. ಗುಬ್ಬಿ ಗೇಟ್ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ "ಪಂಪ್ ಹಾಕಿ ಚೆಕ್ ಮಾಡ್ತಾರಲ್ಲ, ಅವರು" ಅಂತ ಕೇಳಿ. ಬೆಳಗ್ಗೆ ಒಂಬತ್ತರೊಳಗೆ ಹೋದರೆ ಸಿಗುತ್ತಾರೆ.