ಬಾನೆಟ್ ಮುಟ್ಟಿ ನೋಡಿ ಮೋಸ ಹೋದೆ: ಹಳೇ ಆರ್‌ಎಕ್ಸ್-8 ಹುಡುಕ್ತಿರೋರು ದಯವಿಟ್ಟು ಓದಿ

ನಿನ್ನೆ ರಾತ್ರಿ, ನನಗೆ ಹಳೇ ಮಜ್ದಾ ಆರ್‌ಎಕ್ಸ್-8 ಕಾರು ಮಾರಿದ ಮನುಷ್ಯನ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು. ಅದೇ ಮಾಡೆಲ್ಲು, ಬಣ್ಣ ಮಾತ್ರ ಬೇರೆ. ಕೆಳಗೆ ಅದೇ ಸಾಲು: "ಹೊಸ ಬ್ಯಾಟರಿ, ಹೊಸ ಸ್ಟಾರ್ಟರ್. ಕೋಲ್ಡ್ ಸ್ಟಾರ್ಟ್ ನೋಡಬೇಕಾದರೆ ಬೆಳಿಗ್ಗೆ ಬನ್ನಿ." ಓದಿ ಮೈಯೆಲ್ಲ ಉರಿದುಹೋಯಿತು. ನಾಲ್ಕು ತಿಂಗಳಿಂದ ನಾಚಿಕೆಗೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಇನ್ನೂ ಸುಮ್ಮನಿದ್ದರೆ ಇನ್ನೊಬ್ಬ ಹಳ್ಳಕ್ಕೆ ಬೀಳ್ತಾನೆ. ಹೆಸರು ಹಾಕಲ್ಲ, ಅವನ ಬಗ್ಗೆ ಅಲ್ಲ ಈ ಬರಹ. ಸರಿ, ಸ್ವಲ್ಪ ಅವನ ಬಗ್ಗೆಯೂ ಹೌದು.

ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ದಿನಾ ಕೆಲಸಕ್ಕೆ ಓಡಿಸೋಕಾಗಬೇಕು, ಓಡಿಸುವಾಗ ಖುಷಿ ಆಗಬೇಕು, ಕೈಗೆಟುಕಬೇಕು. ಅಂದರೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು. ಆರು ತಿಂಗಳು ಕೂತು ಓದಿದೆ. ಮಜ್ದಾ ಎಂಎಕ್ಸ್-5 ಹಳೇದಾದರೆ ಬಾಗಿಲ ಕೆಳಗಿನ ಸಿಲ್‌ನಲ್ಲಿ ತುಕ್ಕು ನೋಡಬೇಕು. ಪೋರ್ಷೆ ಬಾಕ್ಸ್‌ಸ್ಟರ್ ಮೊದಲ ಪೀಳಿಗೆಯದಾದರೆ ಎಂಜಿನ್ನಿನೊಳಗಿನ ಒಂದು ಶಾಫ್ಟಿನ ಬೇರಿಂಗ್ (ಐಎಂಎಸ್ ಅಂತಾರೆ), ಅದು ಹೋದರೆ ಎಂಜಿನ್ನೇ ಹೋಯ್ತು. ಹೋಂಡಾ ಎಸ್2000 ಒಳ್ಳೇ ಸ್ಥಿತಿಯಲ್ಲಿ ಸಿಕ್ಕೋದೇ ಅಪರೂಪ. 2012ರಲ್ಲಿ ಬಂದ ಟೊಯೊಟಾ ಜಿಟಿ86 ಇದೆ, ಎರಡು ಲೀಟರ್, 200 ಎಚ್‌ಪಿ, ಪವರ್ ಹಿಂದಿನ ಚಕ್ರಕ್ಕೆ. "ತಲೆನೋವಿಲ್ಲದ್ದು ತಗೊಳ್ಳಿ ರೀ, ಅದೇ ಸಾಕು" ಅಂತ ನನ್ನ ಹೆಂಡತಿ ಹೇಳಿದ್ದು ಅದನ್ನೇ. ಹೇಳಿದ್ದಳು ಅನ್ನೋದನ್ನ ಈ ನಾಲ್ಕು ತಿಂಗಳಲ್ಲಿ ಎಷ್ಟು ಸಲ ನೆನಪಿಸಿದ್ದಾಳೆ ಅಂತ ಲೆಕ್ಕ ಇಟ್ಟಿಲ್ಲ.

ಆದರೆ ನನ್ನ ಕಣ್ಣು ಆರ್‌ಎಕ್ಸ್-8 ಮೇಲೆ. 2003ರಿಂದ 2012ರವರೆಗೆ ತಯಾರಾದ ಕಾರು. ನಾಲ್ಕು ಸೀಟು, ಹಿಂದಿನ ಪುಟ್ಟ ಬಾಗಿಲು ಉಲ್ಟಾ ದಿಕ್ಕಿಗೆ ತೆರೆದುಕೊಳ್ಳುತ್ತೆ. ಎಂಜಿನ್ 1.3 ಲೀಟರ್ ರೋಟರಿ, ಪಿಸ್ಟನ್ನೇ ಇಲ್ಲ, ಮೂರು ಮೂಲೆಯ ಎರಡು ರೋಟರ್ ಗರಗರ ತಿರುಗುತ್ತವೆ. ಆರು ಗೇರಿನ ಮ್ಯಾನುಯಲ್ ಕಾರು 9000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ತನಕ ಹೋಗುತ್ತೆ. ಆ ಸದ್ದು ಒಂದು ಸಲ ಕೇಳಿದರೆ ಮುಗೀತು. ಲೀಟರಿಗೆ ಆರೋ ಏಳೋ ಕಿಲೋಮೀಟರ್ ಕೊಡುತ್ತೆ, ಆಯಿಲ್ ಕುಡಿಯುತ್ತೆ, ಎಲ್ಲಾ ಗೊತ್ತಿತ್ತು. ಆಯಿಲ್ ಕುಡಿಯೋದು ರೋಗ ಅಲ್ಲ, ರೋಟರ್ ಮೂಲೆಯಲ್ಲಿ ಒತ್ತಡ ಸೋರದಂತೆ ತಡೆಯೋ ಪಟ್ಟಿ, ಅಂದರೆ ಅಪೆಕ್ಸ್ ಸೀಲ್, ಒಣಗದಿರಲಿ ಅಂತ ಪಂಪು ತಾನೇ ಒಳಗೆ ಬಿಡುತ್ತೆ. ಇದೂ ಗೊತ್ತಿತ್ತು. ಎಲ್ಲಾ ಗೊತ್ತು ಅನ್ನೋ ಕೊಬ್ಬೂ ಇತ್ತು.

ಹಳೇ ಕಾರು ನೋಡೋಕೆ ಹೋಗೋರಿಗೆ ಎಲ್ಲರೂ ಹೇಳೋ ಮೊದಲ ಮಾತು ಯಾವುದು? ಎಂಜಿನ್ ತಣ್ಣಗಿರುವಾಗ ಹೋಗು, ಬಾನೆಟ್ ಮುಟ್ಟಿ ನೋಡು, ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡ್ತಿದ್ದಾನೆ ಅಂತ ಅರ್ಥ. ನಾನು ಕಾರು ನೋಡೋಕೆ ಹೋದಾಗ, ಬಾಯಿ ಬಿಡೋ ಮೊದಲೇ ಆ ಮಾರೋನೇ ಹೇಳಿದ: "ಸಾರ್, ನಾನು ಮುಟ್ಟೇ ಇಲ್ಲ, ನೀವೇ ಕೈ ಇಟ್ಟು ನೋಡಿ." ಇಟ್ಟೆ. ತಣ್ಣಗೆ ಕಲ್ಲಿನ ಹಾಗಿತ್ತು. ಕೀ ತಿರುಗಿಸಿದ, ಒಂದೇ ಸೆಲ್ಫ್‌ಗೆ ಎದ್ದಿತು. ಎಂಥ ಪ್ರಾಮಾಣಿಕ ಮನುಷ್ಯ ಅಂದುಕೊಂಡೆ. ಆ ಹೊತ್ತಿಗೇ ನಾನು ಅರ್ಧ ಬಿದ್ದಾಗಿತ್ತು.

ಆಮೇಲೆ ಫೈಲು ತೆಗೆದ. ನೀಟಾಗಿ ಪ್ಲಾಸ್ಟಿಕ್ ಕವರಿನಲ್ಲಿ ಬಿಲ್ಲುಗಳು. ಹೊಸ ಬ್ಯಾಟರಿ. ಕೀ ತಿರುಗಿಸಿದಾಗ ಎಂಜಿನ್ ತಿರುಗಿಸಿ ಎಬ್ಬಿಸೋ ಸ್ಟಾರ್ಟರ್ ಮೋಟಾರ್ ಹೊಸದು, ಅದೂ ಮೊದಲಿನದಕ್ಕಿಂತ ಜೋರಾಗಿ ತಿರುಗೋದು. "ನೋಡಿ, ಖರ್ಚಿಗೆ ಹಿಂದೆಮುಂದೆ ನೋಡಿಲ್ಲ." ಕಂಪ್ರೆಷನ್ ಟೆಸ್ಟ್ (ಎಂಜಿನ್ ಒಳಗೆ ಎಷ್ಟು ಒತ್ತಡ ಏಳುತ್ತೆ ಅಂತ ನೋಡೋದು) ಮಾಡಿಸಬೇಕಿತ್ತು ಅಂದೆ. "ಮಾಡ್ಸಿದೀನಲ್ಲ" ಅಂತ ಒಂದು ಚೀಟಿ ಕೈಗಿಟ್ಟ. ಅದರಲ್ಲಿ ಎರಡು ನಂಬರು. ಎರಡು ರೋಟರ್, ಎರಡು ನಂಬರು, ಎರಡೂ ಚೆನ್ನಾಗಿವೆ. ಸರಿ ಅಂತ ತಲೆ ಅಲ್ಲಾಡಿಸಿದೆ, ದೊಡ್ಡ ಎಂಜಿನಿಯರ್ ಥರ.

ಟೆಸ್ಟ್ ಡ್ರೈವ್ ಹೋದೆವು. ಮೊದಲು ಅವನು ಓಡಿಸಿದ. ಅರ್ಧ ದಾರಿಯಲ್ಲಿ ನನಗೆ ಕೊಡುವಾಗ ಎಂಜಿನ್ ಆಫ್ ಮಾಡಲಿಲ್ಲ. "ಎಸಿ ಓಡ್ತಿರ್ಲಿ ಬಿಡಿ, ಹಾಗೇ ಇಳಿದು ಈ ಕಡೆ ಬನ್ನಿ." ವಾಪಸ್ ಬಂದಮೇಲೂ ಆಫ್ ಮಾಡಲಿಲ್ಲ. "ರೋಟರಿ ನೋಡಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು ಆಫ್ ಮಾಡಿದ್ರೆ ಒಳ್ಳೇದು." ಒಳಗೆ ಕರೆದು ಕೂರಿಸಿ ಮಾತಾಡಿದ. ನಾನು ಕಾರಿನ ಹತ್ತಿರ ವಾಪಸ್ ಹೋಗೋ ಕಾರಣವೇ ಬರಲಿಲ್ಲ. ಎರಡು ದಿನ ಬಿಟ್ಟು ಉಳಿದ ದುಡ್ಡು ಕೊಟ್ಟು ತರೋಕೆ ಹೋದಾಗ ಕಾರು ಗೇಟಿನ ಹೊರಗೆ, ಮುಖ ರಸ್ತೆ ಕಡೆಗೆ, ಎಂಜಿನ್ ಆನ್ ಆಗಿ ನಿಂತಿತ್ತು. "ನಿಮಗೋಸ್ಕರ ಬೆಚ್ಚಗೆ ಮಾಡಿಟ್ಟಿದೀನಿ ಸಾರ್, ಹತ್ತಿ, ಹೊರಡಿ."

ಅದನ್ನ ಮರ್ಯಾದೆ ಅಂದುಕೊಂಡೆ! ಥ್ಯಾಂಕ್ಸ್ ಬೇರೆ ಹೇಳಿದೆ.

ಅವನು ಮಾಡಿದ ಒಂದೇ ತಪ್ಪು ಜಿಪುಣತನ. ಟ್ಯಾಂಕಿನಲ್ಲಿ ಪೆಟ್ರೋಲ್ ಇಟ್ಟಿರಲಿಲ್ಲ. ಇಟ್ಟಿದ್ದರೆ ಆವತ್ತು ಮನೆ ಮುಟ್ಟಿರುತ್ತಿದ್ದೆ. ನಲವತ್ತು ನಿಮಿಷ ಹಾಡ್ತಾ ಓಡಿಸಿಕೊಂಡು ಬಂದವನು ಬಂಕಿಗೆ ನುಗ್ಗಿಸಿದೆ, ಆಫ್ ಮಾಡಿದೆ, ಟ್ಯಾಂಕ್ ಫುಲ್ ಮಾಡಿಸಿದೆ, ಕೀ ತಿರುಗಿಸಿದೆ. ಸೆಲ್ಫ್ ತಿರುಗ್ತಿದೆ, ಎಂಜಿನ್ ಹಿಡೀತಿಲ್ಲ. ಮತ್ತೆ. ಮತ್ತೆ. ಹಿಂದೆ ಸಾಲು ಬೆಳೀತು, ಹಾರ್ನ್ ಶುರುವಾಯ್ತು. ಕೊನೆಗೆ ಮೂವರು ಬಂದು ತಳ್ಳಿದರು. ಅದರಲ್ಲೊಬ್ಬ ಹುಡುಗ ತಳ್ಳುತ್ತಲೇ "ಸೂಪರ್ ಕಾರು ಅಣ್ಣ, ಎಷ್ಟು ಸ್ಪೀಡ್ ಹೋಗುತ್ತೆ?" ಅಂತ ಕೇಳಿದ. ಸ್ಟೀರಿಂಗ್ ಹಿಡಿದು ಕೂತವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಕ್ಕಾಲು ಗಂಟೆ ಮೂಲೆಯಲ್ಲಿ ನಿಂತು ತಣ್ಣಗಾದಮೇಲೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್ ಆಯ್ತು.

ಅಲ್ಲಿಂದಲೇ ಫೋನ್ ಮಾಡಿದ್ದೆ. ಅವನ ಉತ್ತರಗಳು ನನಗೆ ಬಾಯಿಪಾಠ. ಮೊದಲ ದಿನ: "ಫ್ಲಡ್ ಆಗಿರುತ್ತೆ ಸಾರ್, ಒಳಗೆ ಪೆಟ್ರೋಲ್ ಜಾಸ್ತಿ ನುಗ್ಗಿರುತ್ತೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ." ಎರಡನೇ ದಿನ: "ನನ್ನ ಹತ್ರ ಇದ್ದಾಗ ಒಂದು ದಿನವೂ ಹೀಗೆ ಮಾಡಿಲ್ಲ." ಮೂರನೇ ದಿನ ತಪ್ಪು ನನ್ನದಾಯ್ತು: "ರೋಟರಿ ಓಡಿಸೋಕೆ ಕಲೀಬೇಕು, ನೀವು ಗೇರ್ ಬೇಗ ಬದಲಾಯಿಸ್ತೀರಿ." ಆಮೇಲೆ ಚರಿತ್ರೆ ಪಾಠ. 1991ರಲ್ಲಿ ಮಜ್ದಾ ರೋಟರಿ ಕಾರು ಲೆ ಮಾನ್ಸ್ 24 ಗಂಟೆ ಓಟ ಗೆದ್ದಿದ್ದು ಗೊತ್ತಾ ಅಂತ ಕೇಳಿದ. ಗೊತ್ತು ಮಾರಾಯ. ಆ ಕಾರು ಪೆಟ್ರೋಲಿಗೆ ಅಂತ ಎಷ್ಟು ಸಲ ನಿಂತಿತೋ ಅಷ್ಟೂ ಸಲ ಮತ್ತೆ ಹೊರಟಿತಲ್ಲ!

ರೋಟರಿ ಗೊತ್ತಿರೋ ಮೆಕ್ಯಾನಿಕ್ ಹುಡುಕಿ ಟೋ ಮಾಡಿಸಿಕೊಂಡು ಹೋದೆ. ಆತ ಬಾನೆಟ್ ಕೂಡ ತೆಗೆಯದೆ ಕೇಳಿದ್ದು ಎರಡೇ ಪ್ರಶ್ನೆ. "ಬಿಸಿಯಿದ್ದಾಗ ಮಾತ್ರ ತಾನೇ? ಸ್ಟಾರ್ಟರ್ ಹೊಸದು ತಾನೇ?" ಹೌದು, ಬಿಲ್ ಇದೆ ಅಂದೆ, ಹೆಮ್ಮೆಯಿಂದಲೇ. ಆತ ನಕ್ಕ. ಆ ನಗು ಇವತ್ತಿಗೂ ಚುಚ್ಚುತ್ತೆ.

ವಿಷಯ ಇಷ್ಟು. ಅಪೆಕ್ಸ್ ಸೀಲ್ ಸವೆದು ಕಂಪ್ರೆಷನ್ ಇಳಿದ ರೋಟರಿ ತಣ್ಣಗಿದ್ದಾಗ ಎದ್ದುಬಿಡುತ್ತೆ, ಗಟ್ಟಿಯಾದ ಆಯಿಲ್ ಸಂದು ಮುಚ್ಚಿಕೊಡುತ್ತೆ. ಬಿಸಿಯಾದರೆ ಆಯಿಲ್ ನೀರಾಗಿ ಸಂದಿನಲ್ಲಿ ಒತ್ತಡ ಸೋರುತ್ತೆ, ಸ್ಟಾರ್ಟ್ ಆಗಲ್ಲ. ಬೇರೆ ಕಾರಿಗೆ ಕೋಲ್ಡ್ ಸ್ಟಾರ್ಟ್ ಪರೀಕ್ಷೆ, ಇದಕ್ಕೆ ಹಾಟ್ ಸ್ಟಾರ್ಟ್. ಜೋರಾಗಿ ತಿರುಗೋ ಸ್ಟಾರ್ಟರ್ ಹಾಕಿದರೆ ಸುಸ್ತಾದ ಎಂಜಿನ್ನೂ ಇನ್ನಷ್ಟು ದಿನ ನಾಟಕ ಆಡುತ್ತೆ. ಹಾಗಂತ ಸ್ಟಾರ್ಟರ್ ಬದಲಾಯಿಸಿದೋರೆಲ್ಲ ಕಳ್ಳರಲ್ಲ, ಹಳೇದು ಹಾಳಾಗೋದೂ ಉಂಟು. ಆದರೆ ನನಗೆ ಗುಣ ಅಂತ ತೋರಿಸಿದ ಆ ಬಿಲ್ಲು ಇದ್ದಿದ್ದು ಆ ರೋಗಕ್ಕೇ. ನಾನೋ, ಅದನ್ನ ಓದಿ ತಲೆ ಅಲ್ಲಾಡಿಸಿದವನು.

ಇನ್ನು ಆ ಚೀಟಿ. ಒಂದೊಂದು ರೋಟರ್‌ಗೆ ಮೂರು ಮುಖ, ಎರಡಕ್ಕೆ ಆರು. ಹಾಗಾಗಿ ನಂಬರೂ ಆರು ಇರಬೇಕು, ಜೊತೆಗೆ ಟೆಸ್ಟ್ ಮಾಡುವಾಗ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ತಿರುಗ್ತಿತ್ತು ಅಂತಲೂ ಬರೆದಿರಬೇಕು. ಪಿಸ್ಟನ್ ಎಂಜಿನ್ನಿನ ಸಾದಾ ಗೇಜ್ ಹಾಕಿದರೆ ಮೂರರಲ್ಲಿ ಚೆನ್ನಾಗಿರೋ ಒಂದೇ ಮುಖ ಕಾಣಿಸುತ್ತೆ, ಕೆಟ್ಟಿದ್ದು ಅಡಗಿಕೊಳ್ಳುತ್ತೆ. ಸರಿಯಾದ ಮೀಟರಿನಲ್ಲಿ ನೋಡಿದಾಗ 250 ಆರ್‌ಪಿಎಂ ಲೆಕ್ಕಕ್ಕೆ ಸುಮಾರು 100 ಪಿಎಸ್‌ಐ (ಒತ್ತಡದ ಅಳತೆ) ಆದರೂ ಇರಬೇಕಾದ ಕಡೆ ನನ್ನ ಹಿಂದಿನ ರೋಟರಿನ ಎರಡು ಮುಖ ಅರವತ್ತರ ಹತ್ತಿರ ಇದ್ದವು. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕು. ಖರ್ಚು ಕೇಳಿದೆ. ಕೇಳಬಾರದಿತ್ತು.

ಕಾರಿನ ಮೇಲೆ, ತಯಾರಿಸಿದವರ ಮೇಲೆ ನನಗೆ ಸಿಟ್ಟಿಲ್ಲ, ಚೆನ್ನಾಗಿ ನೋಡಿಕೊಂಡ ಆರ್‌ಎಕ್ಸ್-8ಗಳು ಓಡ್ತಾನೇ ಇವೆ. ಸಿಟ್ಟು ಇರೋದು ಅವನ ಕೊನೇ ಮೆಸೇಜಿನ ಮೇಲೆ. ರಿಪೋರ್ಟ್ ಫೋಟೋ ತೆಗೆದು ಕಳಿಸಿದ್ದೆ, ಅರ್ಧ ದುಡ್ಡಾದರೂ ಕೊಡಿ ಅಂತ ಗೋಗರೆದಿದ್ದೆ. ಬಂದ ಉತ್ತರ ಇದು: "ನಾನು ಒಂದೂ ಸುಳ್ಳು ಹೇಳಿಲ್ಲ ಸಾರ್. ಬಿಸಿ ಇದ್ದಾಗ ಸ್ಟಾರ್ಟ್ ಆಗುತ್ತಾ ಅಂತ ನೀವು ಕೇಳಿದ್ರಾ?"

ಕೇಳಿರಲಿಲ್ಲ. ಅದೇ ಉರಿ. ನಿಜಕ್ಕೂ ಮಾರುವಾಗ ಅವನು ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ಆಫ್ ಮಾಡದೇ ಇದ್ದ, ಅಷ್ಟೇ. ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದ.

ಹೋಗೋರು ಹೋಗಿ, ಬೇಡ ಅನ್ನಲ್ಲ. ಕಾಲು ಗಂಟೆಯಲ್ಲ, ಅರ್ಧ ಗಂಟೆ ಓಡಿಸಿ. ನೀವೇ ಕೈಯಾರೆ ಆಫ್ ಮಾಡಿ. ಕೀ ಜೇಬಲ್ಲಿಟ್ಟುಕೊಂಡು ಹತ್ತು ನಿಮಿಷ ನಿಲ್ಲಿ, ಆ ಹತ್ತು ನಿಮಿಷ ಅವನು ಎಷ್ಟು ಕರೆದರೂ ಒಳಗೆ ಹೋಗಬೇಡಿ. ಆಮೇಲೆ ಸ್ಟಾರ್ಟ್ ಮಾಡಿ. ಆರು ನಂಬರ್ ಇಲ್ಲದ ಚೀಟಿಯನ್ನ ಅವನ ಕೈಗೇ ವಾಪಸ್ ಕೊಡಿ. ದಿನಾ ಹತ್ತು ನಿಮಿಷದ ದಾರಿಗೆ ಮಾತ್ರ ಬೇಕಾದರೆ ರೋಟರಿ ತಂಟೆಗೇ ಹೋಗಬೇಡಿ. ತಣ್ಣಗೆ ಸ್ಟಾರ್ಟ್ ಮಾಡಿ ಎರಡು ಮಾರು ಸರಿಸಿ ಆಫ್ ಮಾಡಿದರೆ ಒಳ್ಳೇ ಎಂಜಿನ್ನೂ ಫ್ಲಡ್ ಆಗುತ್ತೆ. ಜಿಟಿ86 ತಗೊಳ್ಳಿ. ನಮ್ಮನೆಯವಳು ಹೇಳಿದ್ದು ಅದನ್ನೇ.

ನನ್ನದು ಹೊದಿಕೆ ಹೊದ್ದು ನಿಂತಿದೆ. ಎಂಜಿನ್ ಕಟ್ಟಿಸೋಕೆ ದುಡ್ಡು ಸೇರಿಸ್ತಿದೀನಿ, ಕೆಲಸಕ್ಕೆ ಬಸ್ಸಿನಲ್ಲಿ ಹೋಗ್ತೀನಿ. ಇವತ್ತು ಬೆಳಿಗ್ಗೆ ಇದನ್ನ ಬರೆಯೋಕೆ ಕೂರೋ ಮೊದಲು ಹೊದಿಕೆ ತೆಗೆದು ಒಂದು ಸಲ ಕೀ ತಿರುಗಿಸಿದೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು. ಹಾಳಾದ್ದು, ಸದ್ದು ಈಗಲೂ ಎಷ್ಟು ಚೆನ್ನಾಗಿದೆ.